ಬಿಟ್ಟು ಹೋದವನು ಮತ್ತೆ ಬಂದ: ಶೋಗಿ ಆಟಗಾರ ಸೆಗಾವಾ ಶೋಜಿ

ಮೊನ್ನೆ ಭಾನುವಾರ ಚೆಸ್ ಕಲಿಯುವ ಮಕ್ಕಳ ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ ಒಂದು ಗಂಟೆ ಮಾತಾಡಿದ್ದೆ. ಬರಲಾಗದ ಕೆಲವರು ಬರೆದು ಕೊಡಿ ಅಂದರು. ಆಡಿದ ಮಾತನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು, ಮಕ್ಕಳಿಗೆ ಹುರುಪು ಬರುವ ಹಾಗೆ ಏನಾದರೂ ಹೇಳಿ ಅಂದಿದ್ದರು. ಛಲ ಬಿಡದೆ ಗೆದ್ದವರ ಕಥೆ ಇದ್ದರೆ ಚೆನ್ನ ಅಂತಲೂ ಸೇರಿಸಿದರು. ನಾನು ಹೂಂ ಅಂದುಬಿಟ್ಟೆ. ಆದರೆ ನಾನು ಇವತ್ತು ತಂದಿರುವ ಮನುಷ್ಯ ಛಲ ಬಿಟ್ಟವನು. ಒಂದು ದಿನ ಎರಡು ದಿನ ಬೇಜಾರಾಗಿ ಕೂತು ಮತ್ತೆ ಎದ್ದವನಲ್ಲ. ಪೂರ್ತಿ ಬಿಟ್ಟು, ಕಾಲೇಜಿಗೆ ಹೋಗಿ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಹಿಡಿದು, ನಮ್ಮ ನಿಮ್ಮ ಹಾಗೆ ತಿಂಗಳ ಸಂಬಳ ಎಣಿಸಿದವನು. ಅವನ ಕಥೆಯನ್ನು ಹೇಳುವವರೆಲ್ಲ 'ಕೊನೆಗೂ ಕನಸು ಬಿಡಲಿಲ್ಲ' ಅಂತ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆಟ ಏನು ಅಂತ ಗೊತ್ತಾಗಬೇಕಲ್ವಾ. ಶೋಗಿ ಅಂದರೆ ಜಪಾನಿನ ಚದುರಂಗ. ನಮ್ಮ ಚದುರಂಗದ ದೂರದ ನೆಂಟ. ಹಲಗೆಯಲ್ಲಿ ಅಡ್ಡ 9, ಉದ್ದ 9, ಒಟ್ಟು 81 ಮನೆ. ಒಬ್ಬೊಬ್ಬರಿಗೆ 20 ಕಾಯಿ. ಕಾಯಿಗಳು ಗೊಂಬೆಯ ಹಾಗೆ ನಿಂತಿರುವುದಿಲ್ಲ. ಐದು ಮೂಲೆಯ ಚಪ್ಪಟೆ ಮರದ ತುಂಡುಗಳು, ಮೇಲೆ ಅಕ್ಷರ ಬರೆದಿರುತ್ತದೆ. ಕಪ್ಪು ಬಿಳುಪು ಅಂತ ಎರಡು ಬಣ್ಣ ಇಲ್ಲ, ಎಲ್ಲ ಒಂದೇ ಬಣ್ಣ. ಚೂಪು ತುದಿ ಯಾರ ಕಡೆಗೆ ಮುಖ ಮಾಡಿದೆಯೋ ಅವರು ಶತ್ರು.

ಒಂದೇ ಬಣ್ಣ ಯಾಕೆ? ಶೋಗಿಯ ಮಜಾ ಇರುವುದೇ ಅಲ್ಲಿ. ನೀವು ನನ್ನ ಕಾಯಿ ಹೊಡೆದರೆ ಅದು ಸಾಯುವುದಿಲ್ಲ, ನಿಮ್ಮ ಕೈಗೆ ಬರುತ್ತದೆ. ಮುಂದೆ ನಿಮ್ಮ ಸರದಿಯಲ್ಲಿ ಅದನ್ನು ಖಾಲಿ ಇರುವ ಮನೆಯಲ್ಲಿ ನಿಮ್ಮ ಕಾಯಿಯಾಗಿ ಇಡಬಹುದು. ನಿನ್ನೆ ನನ್ನ ಪಕ್ಷದಲ್ಲಿದ್ದವನು ಇವತ್ತು ನಿಮ್ಮ ಪಕ್ಷದ ಟಿಕೆಟ್ ಹಿಡಿದು ನನ್ನ ರಾಜನ ಪಕ್ಕದಲ್ಲೇ ಬಂದು ಕೂರುತ್ತಾನೆ. ನಗಬೇಡಿ, ನಮಗೆ ಇದು ಹೊಸದೇನಲ್ಲ. ಇದರಿಂದ ಏನಾಗುತ್ತದೆ ಅಂದರೆ ಚೆಸ್‌ನಲ್ಲಿ ಆಟ ಮುಂದುವರಿದಂತೆ ಹಲಗೆ ಖಾಲಿಯಾಗುತ್ತದೆ, ಶೋಗಿಯಲ್ಲಿ ಖಾಲಿಯೇ ಆಗುವುದಿಲ್ಲ, ಕೊನೆ ಕೊನೆಗೆ ಇನ್ನೂ ಗಲಾಟೆ ಜಾಸ್ತಿ. ಡ್ರಾ ತುಂಬಾ ಅಪರೂಪ.

ಇನ್ನೊಂದು ವಿಷಯ, ಕಥೆಗೆ ಬೇಡ, ಆದರೂ ಹೇಳದೆ ಇರಲಾರೆ. ಶೋಗಿಯಲ್ಲಿ ಬೆಳ್ಳಿ ಸೇನಾಪತಿ ಅಂತ ಒಂದು ಕಾಯಿ ಇದೆ. ಅದು ಒಂದು ಮನೆ ನೇರ ಮುಂದಕ್ಕೆ ಹೋಗುತ್ತದೆ, ಇಲ್ಲವೇ ನಾಲ್ಕು ಮೂಲೆಗಳಲ್ಲಿ ಒಂದಕ್ಕೆ. ಒಟ್ಟು ಐದು ನಡೆ. ಸುಮಾರು ಸಾವಿರ ವರ್ಷದ ಹಿಂದೆ ಅಲ್ ಬಿರೂನಿ ನಮ್ಮ ದೇಶದ ಚದುರಂಗ ನೋಡಿ ಬರೆದಿಟ್ಟಿದ್ದಾನಲ್ಲ, ಅದರಲ್ಲಿ ಆನೆಯ ನಡೆ ಇದೇ ಐದು. ನಾಲ್ಕು ಕಾಲು, ಒಂದು ಸೊಂಡಿಲು. ಬರ್ಮಾ ಮತ್ತು ಥಾಯ್ಲೆಂಡಿನ ಚದುರಂಗದಲ್ಲೂ ಈ ನಡೆ ಉಳಿದಿದೆ. ಅಂದರೆ ನಮ್ಮ ಹಲಗೆಯಲ್ಲಿ ಆನೆ ಮರೆತುಹೋದ ನಡೆಯನ್ನು ಜಪಾನಿನ ಬೆಳ್ಳಿ ಸೇನಾಪತಿ ಇವತ್ತಿಗೂ ನಡೆಯುತ್ತಿದ್ದಾನೆ. ನನಗೆ ಶೋಗಿಯ ಹುಚ್ಚು ಹಿಡಿದಿದ್ದೇ ಇದನ್ನು ಓದಿದ ಮೇಲೆ. ಹುಚ್ಚು ಹಿಡಿಯಿತು, ಆಟ ಹತ್ತಲಿಲ್ಲ, ಅದು ಬೇರೆ ಮಾತು. ಫೋನಿನಲ್ಲಿ ಆಡುತ್ತೇನೆ, ಎದುರಿಗೆ ಯಾವ ಊರಿನ ಯಾವ ಶಾಲೆಯ ಹುಡುಗ ಇರುತ್ತಾನೋ, ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಕಳಿಸುತ್ತಾನೆ.

ಈಗ ಕಥೆಗೆ ಬರೋಣ.

ಜಪಾನಿನಲ್ಲಿ ಶೋಗಿ ಆಡುವುದೇ ಕೆಲಸ. ಶೋಗಿ ಸಂಘ ಇದೆ, ಅದರಲ್ಲಿ ಆಡುತ್ತಿರುವ ವೃತ್ತಿ ಆಟಗಾರರು ಸುಮಾರು 170 ಮಂದಿ. ಇಡೀ ದೇಶಕ್ಕೆ ಅಷ್ಟೇ. ದೊಡ್ಡ ದೊಡ್ಡ ಪತ್ರಿಕೆಗಳು ಪಂದ್ಯಾವಳಿಗೆ ದುಡ್ಡು ಕೊಡುತ್ತವೆ. ಮೇಜಿನ್ ಪಟ್ಟ ಅನ್ನುವುದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಗೌರವದ್ದು. ಆ ಪಟ್ಟದ ಪಂದ್ಯಗಳು ಪತ್ರಿಕೆಯಲ್ಲಿ ದಿನಾ ಒಂದಿಷ್ಟು ನಡೆಯಂತೆ ಬರುತ್ತವೆ, ನಮ್ಮಲ್ಲಿ ಧಾರಾವಾಹಿ ಬರುತ್ತಿದ್ದ ಹಾಗೆ.

ಆ 170ರ ಒಳಗೆ ಹೋಗುವುದು ಹೇಗೆ? ಶೋರೇಕೈ ಅಂತ ಒಂದು ತರಬೇತಿ ವ್ಯವಸ್ಥೆ ಇದೆ. 1928ರಿಂದ ನಡೆದುಕೊಂಡು ಬಂದಿದೆ. ಹತ್ತು, ಹನ್ನೆರಡು ವರ್ಷದ ಮಕ್ಕಳು, ಊರಿಗೇ ಫಸ್ಟ್ ಅನ್ನುವಂಥವರು, ಒಬ್ಬ ವೃತ್ತಿ ಆಟಗಾರನನ್ನು ಗುರು ಮಾಡಿಕೊಂಡು ಅಲ್ಲಿಗೆ ಸೇರುತ್ತಾರೆ. 6ನೇ ಕ್ಯೂ ಅನ್ನುವುದು ಕೆಳಗಿನ ಮೆಟ್ಟಿಲು. ಅಲ್ಲಿಂದ 1ನೇ ಕ್ಯೂ, ಆಮೇಲೆ 1ನೇ ಡಾನ್, 2ನೇ ಡಾನ್, 3ನೇ ಡಾನ್. ಅದರ ಮೇಲಿನದು 4ನೇ ಡಾನ್, ಅಂದರೆ ವೃತ್ತಿ ಆಟಗಾರ. 3ರಿಂದ 4ಕ್ಕೆ ಹತ್ತುವ ಆ ಒಂದು ಮೆಟ್ಟಿಲಿದೆಯಲ್ಲ, ಅದರಲ್ಲೇ ಎಲ್ಲರ ಜೀವ ಹೋಗುವುದು.

3ನೇ ಡಾನ್‌ನವರಿಗೆ ಒಂದು ಲೀಗ್. ಆರು ತಿಂಗಳಿಗೆ ಒಂದು. ಮೂವತ್ತು ನಲವತ್ತು ಹುಡುಗರು, ಒಬ್ಬೊಬ್ಬರಿಗೆ 18 ಆಟ, ದಿನಕ್ಕೆ ಎರಡರಂತೆ. ಮೊದಲ ಎರಡು ಸ್ಥಾನ ಬಂದವರು ಮೇಲೆ ಹೋಗುತ್ತಾರೆ. ಉಳಿದವರು ಮತ್ತೆ ಆರು ತಿಂಗಳು. ಅಂದರೆ ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಜನ. ಲಕ್ಷಗಟ್ಟಲೆ ಜನ ಆಡುವ ದೇಶದಲ್ಲಿ ವರ್ಷಕ್ಕೆ ನಾಲ್ಕು ಸೀಟು. ನಮ್ಮ ಮನೆಗಳಲ್ಲಿ ಮೆಡಿಕಲ್ ಸೀಟಿಗೆ ನಡೆಯುವ ಗೋಳು ಇದರ ಮುಂದೆ ಮಕ್ಕಳಾಟ.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ವಯಸ್ಸಿನ ಮಿತಿ ಇದೆ. 26ನೇ ಹುಟ್ಟುಹಬ್ಬ ಬರುವ ಲೀಗ್ ಮುಗಿಯುವುದರೊಳಗೆ 4ನೇ ಡಾನ್ ಆಗದಿದ್ದರೆ ಹೊರಗೆ. ಲೀಗಿನಲ್ಲಿ ಸೋಲಿಗಿಂತ ಗೆಲುವು ಜಾಸ್ತಿ ಇದ್ದವರಿಗೆ ಇನ್ನೊಂದಿಷ್ಟು ಕಾಲ ಎಳೆಯಲು ಬಿಡುವ ನಿಯಮವೂ ಇದೆ, ಆದರೆ ಅದಕ್ಕೂ ಕೊನೆ ಇದೆ. ಹೊರಗೆ ಬಂದವರ ಕೈಯಲ್ಲಿ ಏನಿರುತ್ತದೆ? ತುಂಬಾ ಜನ ಕಾಲೇಜಿಗೆ ಹೋಗಿರುವುದಿಲ್ಲ. ಬೇರೆ ಕೆಲಸ ಗೊತ್ತಿಲ್ಲ. ಇಷ್ಟು ವರ್ಷ ಸಂಬಳವೂ ಇಲ್ಲ, ದೊಡ್ಡವರು ಆಡುವಾಗ ಪಕ್ಕದಲ್ಲಿ ಮಂಡಿಯೂರಿ ಕೂತು ನಡೆ ಬರೆದುಕೊಳ್ಳುವ ಕೆಲಸಕ್ಕೆ ಒಂದಿಷ್ಟು ಕಾಸು ಸಿಗುತ್ತದೆ, ಅಷ್ಟೇ.

ಈ ನಿಯಮ ಕ್ರೂರ ಅಂತ ನನಗೂ ಮೊದಲು ಅನ್ನಿಸಿತ್ತು. ಆಮೇಲೆ ಯೋಚನೆ ಮಾಡಿದೆ. ನಮ್ಮ ಸರ್ಕಾರಿ ಪರೀಕ್ಷೆಗಳಿಗೆ ವಯಸ್ಸಿನ ಮಿತಿ ಒಂದೆರಡು ವರ್ಷ ಏರಿಸಿದಾಗ ಹುಡುಗರು ಪಟಾಕಿ ಹೊಡೆಯುತ್ತಾರೆ, ಮನೆಯವರು ಇನ್ನೂ ಎರಡು ವರ್ಷ ಕೋಚಿಂಗ್ ಫೀಸ್ ಕಟ್ಟಬೇಕಲ್ಲಾ ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಶೋರೇಕೈನಲ್ಲಿ ಹಿಂದೆ 31ರವರೆಗೂ ಬಿಡುತ್ತಿದ್ದರು. ಅಷ್ಟು ಹೊತ್ತಿಗೆ ಹೊರಗೆ ಬಂದವನು ಏನು ಮಾಡಬೇಕು? 26ಕ್ಕೆ ಇಳಿಸಿದ್ದರಲ್ಲಿ ಕರುಣೆಯೂ ಸ್ವಲ್ಪ ಇದೆ. ಕರುಣೆ ಅನ್ನುವುದು ಯಾವಾಗಲೂ ಮೆತ್ತಗೆ ಇರುತ್ತದೆ ಅಂತ ಯಾರು ಹೇಳಿದರು?

ನಮ್ಮ ಕಥಾನಾಯಕ ಸೆಗಾವಾ ಶೋಜಿ ಹುಟ್ಟಿದ್ದು 1970ರ ಮಾರ್ಚ್‌ನಲ್ಲಿ, ಯೊಕೊಹಾಮಾದಲ್ಲಿ. ಪ್ರೈಮರಿ ಶಾಲೆಯಲ್ಲಿ ಅಂಥ ಜೋರಿನ ಹುಡುಗನಲ್ಲ. ಐದನೇ ಕ್ಲಾಸಿನಲ್ಲಿ ಒಬ್ಬರು ಟೀಚರ್, ಅವನು ಶೋಗಿ ಆಡುವುದನ್ನು ನೋಡಿ ಮೆಚ್ಚಿ ಮಾತಾಡಿದರು. ಈ ಟೀಚರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ. ಪಕ್ಕದಲ್ಲೇ ಸಮವಯಸ್ಸಿನ ಒಬ್ಬ ಹುಡುಗ, ಅವನೂ ಶೋಗಿ ಹುಚ್ಚ. ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸುತ್ತಾ ಬೆಳೆದರು. 1983ರಲ್ಲಿ ತಾನಿಗಾವಾ ಕೋಜಿ ಅನ್ನುವವರು 21ನೇ ವಯಸ್ಸಿಗೇ ಮೇಜಿನ್ ಆದರು. ಅಷ್ಟು ಚಿಕ್ಕ ವಯಸ್ಸಿಗೆ ಯಾರೂ ಆಗಿರಲಿಲ್ಲ. ಮರುವರ್ಷ 14ರ ಶೋಜಿ ಶೋರೇಕೈ ಸೇರಿದ. ಗುರು ಯಾಸುಎ ತೆರುತಾಕಾ.

3ನೇ ಡಾನ್ ಆಗಿದ್ದು 1992ರಲ್ಲಿ, 22ಕ್ಕೆ. ಉಳಿದಿದ್ದು ನಾಲ್ಕು ವರ್ಷ, ಅಂದರೆ ಎಂಟು ಲೀಗ್. ಎಂಟು ಅಂದರೆ ಕೇಳುವಾಗ ತುಂಬಾ ಅನ್ನಿಸುತ್ತದೆ. ಆದರೆ ಹೊಸದಾಗಿ ಸೇರಿದವನಿಗೆ ಮೊದಲ ಲೀಗ್ ಅಂದಾಜು ಸಿಗುವುದರಲ್ಲೇ ಹೋಗುತ್ತದೆ, ಎರಡನೆಯದು ಧೈರ್ಯದಲ್ಲಿ, ಐದು ಆರು ಬರುವ ಹೊತ್ತಿಗೆ ಹಲಗೆಯ ಮೇಲೆ ಕಾಯಿ ಕಾಣುವುದಿಲ್ಲ, ಕ್ಯಾಲೆಂಡರ್ ಕಾಣುತ್ತದೆ. ಸುಮ್ನೆ ಊಹೆ ಮಾಡಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅಲ್ಲಿಂದ ಹೊರಬಿದ್ದ ಯಾರ ಅನುಭವ ಓದಿದರೂ ಇದೇ ಧಾಟಿ.

1996ರಲ್ಲಿ ಕಾಲ ಮುಗಿಯಿತು. 26 ವರ್ಷ, ಹೊರಗೆ.

ಅದೇ 1996ರ ಫೆಬ್ರವರಿಯಲ್ಲಿ ಇನ್ನೊಂದು ಸುದ್ದಿ ಇಡೀ ಜಪಾನಿನಲ್ಲಿ. ಹಾಬು ಯೋಶಿಹಾರು ಅನ್ನುವವರು ಶೋಗಿಯ ಏಳೂ ಪಟ್ಟಗಳನ್ನು ಒಟ್ಟಿಗೆ ಹಿಡಿದರು. ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ಶೋಗಿ ಗೊತ್ತಿಲ್ಲದವರಿಗೂ ಅವರ ಮುಖ ಗೊತ್ತಾಯಿತು. ಹಾಬು ಹುಟ್ಟಿದ್ದು ಯಾವಾಗ ಗೊತ್ತಾ? 1970, ಸೆಪ್ಟೆಂಬರ್. ಸೆಗಾವಾಗಿಂತ ಆರು ತಿಂಗಳು ಚಿಕ್ಕವರು. ಒಂದೇ ವರ್ಷ ಹುಟ್ಟಿದ ಇಬ್ಬರು, ಒಂದೇ ವರ್ಷದಲ್ಲಿ ಒಬ್ಬರಿಗೆ ಏಳು ಕಿರೀಟ, ಇನ್ನೊಬ್ಬರಿಗೆ ಗೇಟ್ ಪಾಸ್.

ಇಲ್ಲಿಯವರೆಗೆ ಹುಡುಗ ಅಂತ ಏಕವಚನದಲ್ಲೇ ಕರೆದೆ. ಇನ್ನು ಬಹುವಚನ. ಯಾಕೆಂದರೆ ಇಲ್ಲಿಂದ ಅವರು ದೊಡ್ಡವರಾದರು ಅಂತ ನನ್ನ ಲೆಕ್ಕ.

ಶೋಗಿ ಬಿಟ್ಟರು. ನಿಜವಾಗಿಯೂ ಬಿಟ್ಟರು. ಕಾನಾಗಾವಾ ವಿಶ್ವವಿದ್ಯಾಲಯದಲ್ಲಿ ಸಂಜೆಯ ತರಗತಿಗೆ ಸೇರಿ ಕಾನೂನು ಓದಿದರು. ತಮಗಿಂತ ಎಂಟೊಂಬತ್ತು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತರು. ಸ್ವಲ್ಪ ಕಾಲ ಕಳೆದ ಮೇಲೆ ಮತ್ತೆ ಕೈ ತುರಿಸಿ ಹವ್ಯಾಸಕ್ಕೆ ಆಡಲು ಶುರು ಮಾಡಿದರು. ಈ ಸಲ ಲೀಗ್ ಇಲ್ಲ, ಹುಟ್ಟುಹಬ್ಬದ ಹೆದರಿಕೆ ಇಲ್ಲ. ಸೋತರೆ ಸೋತೆ, ಮನೆಗೆ ಹೋಗಿ ಊಟ ಮಾಡು, ಅಷ್ಟೇ.

1999ರಲ್ಲಿ ಹವ್ಯಾಸಿ ಮೇಜಿನ್ ಪಂದ್ಯಾವಳಿ ಗೆದ್ದರು. ಓದು ಮುಗಿದ ಮೇಲೆ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ವಾರವೆಲ್ಲ ಆಫೀಸು, ರಜೆಯಲ್ಲಿ ಶೋಗಿ. ಜಪಾನಿನಲ್ಲಿ ಕೆಲವು ವೃತ್ತಿಪರ ಪಂದ್ಯಾವಳಿಗಳಲ್ಲಿ ಮೇಲ್ಮಟ್ಟದ ಹವ್ಯಾಸಿಗಳಿಗೂ ಒಂದೆರಡು ಜಾಗ ಇಟ್ಟಿರುತ್ತಾರೆ. ಗಿಂಗಾ ಅನ್ನುವ ಟಿವಿ ಪಂದ್ಯಾವಳಿ ಅಂಥದ್ದು. ಹವ್ಯಾಸಿ ಬರುತ್ತಾನೆ, ಒಂದು ಆಟ ಸೋಲುತ್ತಾನೆ, ವೃತ್ತಿಪರರ ಜೊತೆ ಆಡಿದೆ ಅಂತ ನೆಂಟರಿಗೆ ಹೇಳಿಕೊಳ್ಳುತ್ತಾನೆ, ಅದು ರೂಢಿ. ಸೆಗಾವಾ ಸೋಲಲಿಲ್ಲ. ಒಬ್ಬರ ಮೇಲೊಬ್ಬರು ವೃತ್ತಿಪರರನ್ನು ಸೋಲಿಸುತ್ತಾ ಹೋದರು. ಎ ಕ್ಲಾಸ್ ಅಂದರೆ ಅತಿ ಮೇಲಿನ ಹತ್ತು ಜನರ ಗುಂಪು, ಆ ಗುಂಪಿನ ಕುಬೋ ತೋಶಿಯಾಕಿ ಕೂಡ ಅವರ ಕೈಯಲ್ಲಿ ಸೋತರು. 2005ರ ಹೊತ್ತಿಗೆ ವೃತ್ತಿಪರರ ಎದುರು ಅವರ ಲೆಕ್ಕ 17 ಗೆಲುವು, 6 ಸೋಲು.

17-6. ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ. ವೃತ್ತಿಪರರಲ್ಲೇ ಅಷ್ಟು ಸರಾಸರಿ ಇರುವವರು ಬೆರಳೆಣಿಕೆ. ನಿನಗೆ ಯೋಗ್ಯತೆ ಇಲ್ಲ ಅಂತ ಹೊರಗೆ ಹಾಕಿಸಿಕೊಂಡವನು, ಆಫೀಸು ಮುಗಿಸಿ ಬಂದು, ಯೋಗ್ಯತೆ ಇದೆ ಅಂತ ಇಟ್ಟುಕೊಂಡವರನ್ನು ನಾಲ್ಕಕ್ಕೆ ಮೂರು ಸಲ ಸೋಲಿಸುತ್ತಿದ್ದಾನೆ. ಈಗ ಮುಜುಗರ ಯಾರಿಗೆ?

ಇದಕ್ಕೇ ನಾನು ಹೇಳಿದ್ದು, ಕನಸು ಬಿಡಲಿಲ್ಲ ಅನ್ನುವುದು ಸರಿ ಕಾಣುವುದಿಲ್ಲ ಅಂತ. ಬಿಟ್ಟಿದ್ದರಿಂದಲೇ ಆಟ ತೆರೆದುಕೊಂಡಿತು ಅನ್ನುವುದು ನನ್ನ ಓದು. 24, 25ರಲ್ಲಿ ಅದೇ ತಲೆ, ಅದೇ ಕೈ, ಆದರೆ ಪ್ರತಿ ನಡೆಯಲ್ಲೂ ತಪ್ಪಿದರೆ ಗತಿಯೇನು ಅನ್ನುವ ಭಯ. ತಿಂಗಳ ಸಂಬಳ ಬರುವ ಮನುಷ್ಯ ಬೇರೆ ಥರ ಆಡುತ್ತಾನೆ. ನೀವು ಒಪ್ಪದಿದ್ದರೂ ಪರವಾಗಿಲ್ಲ.

2005ರ ಫೆಬ್ರವರಿಯಲ್ಲಿ ಅವರು ಶೋಗಿ ಸಂಘಕ್ಕೆ ಒಂದು ಅರ್ಜಿ ಕೊಟ್ಟರು. ನನ್ನನ್ನು ವೃತ್ತಿ ಆಟಗಾರನಾಗಿ ಸೇರಿಸಿಕೊಳ್ಳಲು ಒಂದು ದಾರಿ ಮಾಡಿಕೊಡಿ ಅಂತ. ವಯಸ್ಸು ಆಗ 34, ಮುಂದಿನ ತಿಂಗಳಿಗೆ 35.

ಇದಕ್ಕೆ ಹಿಂದೆ ಒಂದೇ ಒಂದು ಉದಾಹರಣೆ ಇತ್ತು. ಹನಾಮುರಾ ಮೋತೋಜಿ ಅಂತ ಒಬ್ಬರು, ದುಡ್ಡು ಕಟ್ಟಿ ಶೋಗಿ ಆಡಿ ಬದುಕುತ್ತಿದ್ದವರು. 1944ರಲ್ಲಿ, ಯುದ್ಧದ ನಡುವೆ, ಪರೀಕ್ಷೆಯ ಆಟ ಆಡಿಸಿ ಅವರನ್ನು ನೇರವಾಗಿ 5ನೇ ಡಾನ್‌ಗೆ ತೆಗೆದುಕೊಂಡಿದ್ದರು. ಜೂಜಿನ ಅಡ್ಡೆಯಿಂದ ಬಂದ ಈ ಮನುಷ್ಯ 1956ರಲ್ಲಿ ಮೇಜಿನ್ ಪಟ್ಟಕ್ಕೇ ಸವಾಲು ಹಾಕಿದರು, ಗೆಲ್ಲಲಿಲ್ಲ. ಆಮೇಲೆ ಎಂಬತ್ತರ ದಶಕದಲ್ಲಿ ಕೊಯಿಕೆ ಜೂಮೇಯ್ ಅಂತ ಇನ್ನೊಬ್ಬ, ಇವನೂ ಪಣ ಕಟ್ಟಿ ಆಡುವವನು, ಎರಡು ಸಲ ಹವ್ಯಾಸಿ ಮೇಜಿನ್, ವೃತ್ತಿಪರರನ್ನೂ ಬೆವರಿಳಿಸಿದವನು. ಸೇರಿಸಿಕೊಳ್ಳುವ ಮಾತು ಬಂದಾಗ ಸಂಘ ಬೇಡ ಅಂದಿತು. ಅವನ ನಡತೆ, ಕುಡಿತ, ದುಡ್ಡಿನ ತಕರಾರು ಎಲ್ಲ ಅಡ್ಡ ಬಂತು. 1992ರಲ್ಲಿ 44ಕ್ಕೇ ತೀರಿಕೊಂಡ. ಅವನ ಕಥೆಯೇ ಒಂದು ದಿನದ ಮಾತು, ಇವತ್ತು ಬೇಡ, ಮಕ್ಕಳಿದ್ದಾರೆ.

ಸೆಗಾವಾ ಅರ್ಜಿಯ ಮೇಲೆ ಸಂಘದೊಳಗೆ ಜೋರು ಚರ್ಚೆ. ಬೇಡ ಅಂದವರನ್ನು ಹೊಟ್ಟೆಕಿಚ್ಚಿನವರು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರೆಲ್ಲ ಶೋರೇಕೈ ದಾಟಿ ಬಂದವರು. ಜೊತೆಗೆ ಕಲಿತ ಗೆಳೆಯರು 26ಕ್ಕೆ ಗಂಟುಮೂಟೆ ಕಟ್ಟಿದ್ದನ್ನು ಕಣ್ಣಾರೆ ಕಂಡವರು. ಇವನೊಬ್ಬನಿಗೆ ಬಾಗಿಲು ತೆಗೆದರೆ ಅವರೆಲ್ಲರಿಗೆ ಏನು ಹೇಳುವುದು? ಈಗ ಒಳಗೆ ಬೆವರು ಸುರಿಸುತ್ತಿರುವ 3ನೇ ಡಾನ್ ಹುಡುಗರಿಗೆ ಏನು ಹೇಳುವುದು? ಮಾತಿನಲ್ಲಿ ಹುರುಳಿದೆ.

ಮೇ ತಿಂಗಳ ಮಹಾಸಭೆಯಲ್ಲಿ ಆಟಗಾರರೇ ವೋಟು ಹಾಕಿದರು. ಪರವಾಗಿ 129, ವಿರುದ್ಧ 52. ಷರತ್ತು ಹೀಗೆ: ಆರು ಆಟ, ಆರು ಬೇರೆ ಬೇರೆ ಎದುರಾಳಿಗಳು, ಮೂರು ಗೆದ್ದರೆ ಒಳಗೆ. ಒಳಗೆ ಅಂದರೆ ಪೂರ್ತಿ ಒಳಗಲ್ಲ. ಫ್ರೀ ಕ್ಲಾಸ್ ಅಂತ ಒಂದು ಜಗುಲಿ ಇದೆ. ಅಲ್ಲಿ ಕೂತವರು 4ನೇ ಡಾನ್ ವೃತ್ತಿಪರರೇ, ಆದರೆ ಮೇಜಿನ್ ಪಟ್ಟದ ಕಡೆಗೆ ಹೋಗುವ ವರ್ಗಗಳ ಲೀಗಿನಲ್ಲಿ ಅವರಿಗೆ ಆಟ ಇಲ್ಲ. ಹತ್ತು ವರ್ಷದಲ್ಲಿ ಚೆನ್ನಾಗಿ ಆಡಿ ನಡುಮನೆಗೆ ದಾಟಿದರೆ ಸರಿ, ಇಲ್ಲವಾದರೆ ನಿವೃತ್ತಿ.

ಮೊದಲ ಆಟ ಜುಲೈ 18. ಎದುರಿಗೆ ಯಾರು? 17 ವರ್ಷದ ಹುಡುಗ. ಸಾತೋ ಅಮಾಹಿಕೋ, 3ನೇ ಡಾನ್. ಇನ್ನೂ ವೃತ್ತಿಪರನಲ್ಲ, ಸೆಗಾವಾ ಒಂಬತ್ತು ವರ್ಷದ ಹಿಂದೆ ಬಿಟ್ಟುಬಂದ ಅದೇ ಲೀಗಿನಲ್ಲಿ ಈಗ ಇರುವವನು. ಕ್ಯಾಮೆರಾಗಳು, ಪತ್ರಕರ್ತರು, ದೇಶವೆಲ್ಲ ನೋಡುತ್ತಿದೆ. ಸೆಗಾವಾ ಸೋತರು. 17-6 ಮಾಡುವಾಗ ಇಲ್ಲದ ಭಯ ಆ ದಿನ ವಾಪಸ್ ಬಂದಿರಬೇಕು, ಮತ್ತೆ ಪರೀಕ್ಷೆ ಅಲ್ವಾ.

ಸೋತ ಮೇಲೆ ಅಂಚೆಯಲ್ಲಿ ಒಂದು ಕಾರ್ಡ್ ಬಂತು. ಮೇಲೆ ಡೋರೇಮಾನ್ ಚಿತ್ರ. ಇಲ್ಲಿರುವ ಮಕ್ಕಳಿಗೆ ಡೋರೇಮಾನ್ ಯಾರು ಅಂತ ನಾನು ಹೇಳಬೇಕಿಲ್ಲ. ಕಳಿಸಿದವರು ಐದನೇ ಕ್ಲಾಸಿನ ಆ ಟೀಚರ್. ಏನೂ ಚಿಂತೆ ಬೇಡ, ಒಳ್ಳೆಯ ದಾರಿ ಖಂಡಿತ ತೆರೆಯುತ್ತದೆ ಅನ್ನುವ ಅರ್ಥದ ಒಂದೆರಡು ಮಾತು. 35 ವರ್ಷದ ಗಂಡಸು ಅದನ್ನು ಓದಿ ಅತ್ತರು. ಚಿಕ್ಕಂದಿನಿಂದಲೂ ಅವರು ಅಳುಬುರುಕನೇ, ತಾವೇ ಹೇಳಿಕೊಳ್ಳುತ್ತಾರೆ.

ಎರಡನೇ ಆಟ ಕಾಮಿಯೋಶಿ ಹಿರೋಮಿತ್ಸು, 6ನೇ ಡಾನ್. ಗೆದ್ದರು. ಮೂರನೆಯದು ಕುಬೋ ತೋಶಿಯಾಕಿ, ಹಿಂದೆ ಟಿವಿ ಪಂದ್ಯದಲ್ಲಿ ಇವರಿಗೆ ಸೋತಿದ್ದ ಅದೇ ಎ ಕ್ಲಾಸ್ ಆಟಗಾರ. ಎರಡನೇ ಸಲ ಬಿಡುತ್ತಾರಾ? ಬಿಡಲಿಲ್ಲ. 1-2. ನಾಲ್ಕನೇ ಆಟ ನಾಕಾಯ್ ಹಿರೋಎ. ಇವರು ಮಹಿಳಾ ವೃತ್ತಿ ಆಟಗಾರ್ತಿ. ಜಪಾನಿನಲ್ಲಿ ಮಹಿಳೆಯರಿಗೆ ಬೇರೆಯೇ ವೃತ್ತಿ ವಿಭಾಗ ಇದೆ, ಅದರಲ್ಲಿ ನಾಕಾಯ್ ಎಷ್ಟೋ ಪಟ್ಟ ಗೆದ್ದವರು, ಎಲ್ಲರಿಗೂ ತೆರೆದಿರುವ ಮುಖ್ಯ ವಿಭಾಗದವರನ್ನೂ ಸೋಲಿಸಿದವರು. ಈ ಆಟ ಗೆದ್ದು 2-2.

ಐದನೇ ಆಟ ನವೆಂಬರ್ 6. ಎದುರಿಗೆ ತಾಕಾನೋ ಹಿದೆಯುಕಿ, 5ನೇ ಡಾನ್. ಶೋಗಿಯಲ್ಲಿ ರಾಜನನ್ನು ಹಿಡಿಯುವವರೆಗೆ ಆಡುವುದು ಕಡಿಮೆ. ಇನ್ನು ಉಳಿಗಾಲವಿಲ್ಲ ಅಂತ ಗೊತ್ತಾದವರು ಸೋತೆ ಅಂತ ಬಾಯಿಬಿಟ್ಟು ಹೇಳಿ ತಲೆ ಬಾಗಿಸುತ್ತಾರೆ. ಎದುರಿನವರೂ ಬಾಗುತ್ತಾರೆ. ಆಮೇಲೆ ಇಬ್ಬರೂ ಎದ್ದು ಹೋಗುವುದಿಲ್ಲ. ಅಲ್ಲೇ ಕೂತು, ಎಲ್ಲಿ ತಪ್ಪಿತು, ಇದರ ಬದಲು ಅದನ್ನು ನಡೆಸಿದ್ದರೆ ಏನಾಗುತ್ತಿತ್ತು ಅಂತ ಕಾಯಿ ಹಿಂದಿಟ್ಟು ಮತ್ತೆ ನೋಡುತ್ತಾರೆ. ನನಗೆ ಈ ಪದ್ಧತಿ ತುಂಬಾ ಹಿಡಿಸುತ್ತದೆ, ನಮ್ಮ ಮಕ್ಕಳು ಸೋತ ತಕ್ಷಣ ಚಪ್ಪಲಿ ಹುಡುಕುತ್ತಾರೆ. ಆ ದಿನ ತಲೆ ಬಾಗಿಸಿದ್ದು ತಾಕಾನೋ. ಆರನೇ ಆಟ ಬೇಕಾಗಲಿಲ್ಲ. ಸೆಗಾವಾ ಶೋಜಿ, 4ನೇ ಡಾನ್, 35 ವರ್ಷ. ಹನಾಮುರಾ ಆದ ಮೇಲೆ 61 ವರ್ಷಕ್ಕೆ.

ಮುಂದಿನದ್ದು ಬೇಗ ಹೇಳಿಬಿಡುತ್ತೇನೆ. ಜಗುಲಿಯಲ್ಲೇ ಹತ್ತು ವರ್ಷ ಕೂರಲಿಲ್ಲ. 2009ರಲ್ಲೇ ಬೇಕಾದಷ್ಟು ಗೆಲುವು ಕೂಡಿಸಿ ಮೇಜಿನ್ ಲೀಗಿನ ಅತಿ ಕೆಳಗಿನ ಸಿ 2 ವರ್ಗಕ್ಕೆ ದಾಟಿದರು. 2012ರಲ್ಲಿ 5ನೇ ಡಾನ್, 2018ರಲ್ಲಿ 6ನೇ ಡಾನ್. ಪಟ್ಟ ಯಾವುದೂ ಗೆಲ್ಲಲಿಲ್ಲ, ಎ ಕ್ಲಾಸ್ ಹತ್ತಿರವೂ ಹೋಗಲಿಲ್ಲ. ನಡುಮಟ್ಟದ ವೃತ್ತಿ ಆಟಗಾರ. ಅವರ ಜೀವನ 2018ರಲ್ಲಿ ಸಿನಿಮಾ ಆಯಿತು. ಅದನ್ನು ಮಾಡಿದ ನಿರ್ದೇಶಕ ತೊಯೋದಾ ತೋಶಿಯಾಕಿ ಕೂಡ ಹುಡುಗನಾಗಿದ್ದಾಗ ಶೋರೇಕೈನಲ್ಲಿ ಇದ್ದು ಬಿಟ್ಟುಬಂದವರು.

ಆದರೆ ನನಗೆ ಈ ಸಿನಿಮಾಗಿಂತ 2006 ಮುಖ್ಯ. ಆ ವರ್ಷ ಸಂಘ ಒಂದು ನಿಯಮ ಮಾಡಿತು. ಹವ್ಯಾಸಿಯಾಗಲಿ, ಮಹಿಳಾ ಆಟಗಾರ್ತಿಯಾಗಲಿ, ವೃತ್ತಿಪರರ ಎದುರು ಇತ್ತೀಚಿನ ಆಟಗಳಲ್ಲಿ ಕನಿಷ್ಠ 10 ಗೆಲುವು ಮತ್ತು ನೂರಕ್ಕೆ 65ರ ಸರಾಸರಿ ತೋರಿಸಿದರೆ ಪರೀಕ್ಷೆ ಕೇಳಬಹುದು. ಐದು ಆಟ, ಐವರು ಹೊಸ ವೃತ್ತಿಪರರು, ಮೂರು ಗೆಲ್ಲಬೇಕು. ಇನ್ನು ವೋಟು, ಪತ್ರಿಕೆಯವರ ದಯೆ ಎರಡೂ ಬೇಡ. ಲೆಕ್ಕ ತೋರಿಸು, ಆಡು.

ಈ ದಾರಿಯಲ್ಲಿ ಮೊದಲು ದಾಟಿದ್ದು ಇಮಾಯಿಜುಮಿ ಕೆಂಜಿ, 2014ರ ಡಿಸೆಂಬರ್‌ನಲ್ಲಿ. ವಯಸ್ಸು 41. ಈ ಮನುಷ್ಯ ಶೋರೇಕೈನಿಂದ ಎರಡು ಸಲ ಹೊರಬಿದ್ದವರು. ಒಂದು ಸಲ 26ಕ್ಕೆ, ಆಮೇಲೆ ಬೇರೆ ಪರೀಕ್ಷೆ ದಾಟಿ 3ನೇ ಡಾನ್ ಲೀಗಿಗೆ ವಾಪಸ್ ಹೋಗಿ ಮತ್ತೊಂದು ಸಲ. ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸ ಮಾಡಿಕೊಂಡು ಆಡುತ್ತಿದ್ದರು. 2018ರಲ್ಲಿ ಟಿವಿಯ ಎನ್‌ಎಚ್‌ಕೆ ಕಪ್‌ನಲ್ಲಿ ಅವರು ಫುಜಿಯಿ ಸೋತಾನನ್ನು ಸೋಲಿಸಿದರು. ಫುಜಿಯಿ ಅಂದರೆ 14ಕ್ಕೇ ವೃತ್ತಿಪರನಾಗಿ, ಬಂದ ಕೂಡಲೇ ಸತತ 29 ಆಟ ಗೆದ್ದ ಹುಡುಗ. 2020ರಲ್ಲಿ ಒರಿತಾ ಶೋಗೋ ದಾಟಿದರು, ಅವರು ಶೋರೇಕೈ ಬಿಟ್ಟ ಮೇಲೆ ಯೂಟ್ಯೂಬ್‌ನಲ್ಲಿ ಶೋಗಿ ವಿಡಿಯೋ ಮಾಡುತ್ತಿದ್ದವರು. 2023ರಲ್ಲಿ ಕೋಯಾಮಾ ರೆಯೋ. ಈತ ಶೋರೇಕೈ ಮೆಟ್ಟಿಲೇ ಹತ್ತದೆ ನೇರ ಬಂದವರು. ಎಲ್ಲರೂ ದಾಟುತ್ತಾರೆ ಅಂತಲ್ಲ. 2025ರ ಜನವರಿಯಲ್ಲಿ ನಿಶಿಯಾಮಾ ತೊಮೊಕಾ ಅನ್ನುವ ಆಟಗಾರ್ತಿ 2-2ರವರೆಗೆ ಬಂದು ಕೊನೆಯ ಆಟ ಸೋತರು. ಗೆದ್ದಿದ್ದರೆ ಆ ಸಾಲಿನಲ್ಲಿ ಮೊದಲ ಮಹಿಳೆ ಆಗುತ್ತಿದ್ದರು. ನಾನು ಆ ಸುದ್ದಿ ಓದಿ ಇಡೀ ದಿನ ಮನೆಯಲ್ಲಿ ಸಿಡಿಮಿಡಿ ಮಾಡಿಕೊಂಡಿದ್ದೆ. ನನಗೇನು ಸಂಬಂಧ ಅಂತ ಮನೆಯವರು ಕೇಳಿದರು, ಉತ್ತರ ಇರಲಿಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: ಸರ್, ಹಾಗಾದರೆ ಮಕ್ಕಳು ಬಿಡುತ್ತೇನೆ ಅಂದರೆ ಬಿಡಿಸಿಬಿಡೋದಾ?

ಅಮ್ಮಾ, ನಾನು ಹಾಗೆ ಹೇಳಿದರೆ ಇವತ್ತು ನನ್ನನ್ನು ಕರೆದವರು ಟೀ ಕೊಡುವುದಿಲ್ಲ. ಆದರೆ ಒಂದು ಗಮನಿಸಿ. ಸೆಗಾವಾಗೆ ನಿನ್ನ ಕಾಲ ಮುಗಿಯಿತು ಅಂತ ಯಾರೋ ಸ್ಪಷ್ಟವಾಗಿ ಹೇಳಿದರು. ತಾರೀಕು ಸಮೇತ. ನಮ್ಮ ಮಕ್ಕಳಿಗೆ ಆ ಮಾತನ್ನು ಯಾರೂ ಹೇಳುವುದಿಲ್ಲ, ಇನ್ನೊಂದು ವರ್ಷ ನೋಡೋಣ, ಇನ್ನೊಂದು ಕೋಚಿಂಗ್ ನೋಡೋಣ ಅಂತ ಎಳೆಯುತ್ತೇವೆ. ಮಗು ಬಿಡುತ್ತೇನೆ ಅಂದರೆ ಮೊದಲು ಕೇಳಿಸಿಕೊಳ್ಳಿ. ಹಲಗೆ ಮಾತ್ರ ಅಟ್ಟಕ್ಕೆ ಹಾಕಬೇಡಿ, ಕೈಗೆ ಸಿಗುವ ಹಾಗೆ ಇರಲಿ.

ಮುಂದೆ ಕೂತಿದ್ದ ಹನ್ನೊಂದು ಹನ್ನೆರಡು ವರ್ಷದ ಹುಡುಗ ಕೈ ಎತ್ತಿದ: ಅಂಕಲ್, ಮೊದಲನೇ ಆಟದಲ್ಲಿ ಅವರನ್ನು ಸೋಲಿಸಿದ ಹುಡುಗ ಏನಾದ?

ಒಳ್ಳೆಯ ಪ್ರಶ್ನೆ, ಇದನ್ನು ನಾನೇ ಹೇಳಬೇಕಿತ್ತು. ಆ ಸಾತೋ ಅಮಾಹಿಕೋ ಇದ್ದಾನಲ್ಲ, ಅವನಿಗೆ ಆ ಆಟಕ್ಕೂ ಹಿಂದಿನ ವರ್ಷವೇ ವೃತ್ತಿಪರನಾಗುವ ಅವಕಾಶ ಬಂದಿತ್ತು. ಲೀಗಿನಲ್ಲಿ ಎರಡು ಸಲ ಮೂರನೇ ಸ್ಥಾನ ಬಂದರೆ ಫ್ರೀ ಕ್ಲಾಸ್‌ನಲ್ಲಿ 4ನೇ ಡಾನ್ ಆಗಬಹುದು ಅಂತ ನಿಯಮ ಇದೆ. ಅವನಿಗೆ ಆಗ 16, ಎರಡು ಸಲ ಬಂದಿದ್ದ. ಬೇಡ ಅಂದ. ಜಗುಲಿಯಲ್ಲಿ ಕೂರುವುದಿಲ್ಲ, ಮುಂಬಾಗಿಲಿಂದಲೇ ಬರುತ್ತೇನೆ ಅಂತ ಲೀಗಿನಲ್ಲೇ ಉಳಿದ. ಅಂದರೆ ಆ ಜುಲೈ 18ರಂದು ಹಲಗೆಯ ಒಂದು ಕಡೆ ಆ ಜಗುಲಿ ಸಿಕ್ಕರೆ ಸಾಕು ಅಂತ ಬಂದ 35ರ ಮನುಷ್ಯ, ಇನ್ನೊಂದು ಕಡೆ ಅದೇ ಜಗುಲಿಯನ್ನು ಬೇಡ ಅಂದಿದ್ದ 17ರ ಹುಡುಗ.

ಮುಂಬಾಗಿಲಿಂದ ಬಂದನಾ ಅಂತ ಹುಡುಗ ಮತ್ತೆ ಕೇಳಿದ.

ಬಂದ. 2006ರಲ್ಲಿ ಲೀಗ್ ದಾಟಿದ. ಹತ್ತು ವರ್ಷ ಬಿಟ್ಟು, 2016ರಲ್ಲಿ, ಹಾಬು ಅವರನ್ನೇ ಸೋಲಿಸಿ ಮೇಜಿನ್ ಆದ.